ಕೋಳಿಕಾಲಿನ ಆಮದು: ಮಂಡ್ಯದ ಸಾಕಣೆದಾರರಿಗೆ ಆತಂಕವೇಕೆ?

ಶ್ರೀರಂಗಪಟ್ಟಣ, ಪಾಂಡವಪುರ ಎಂದೊಡನೆ ವಿಶ್ವೇಶ್ವರಯ್ಯ ನಾಲೆಯ ನೀರು, ಭತ್ತ ಮತ್ತು ಕಬ್ಬು ನೆನಪಾಗುತ್ತವೆ. ನಾಗಮಂಗಲವೆಂದರೆ ರಾಗಿ, ತೆಂಗು. ಕೆ.ಆರ್. ಪೇಟೆಯಲ್ಲಿ ಒಂದಷ್ಟು ಹೇಮಾವತಿ ನೀರು, ಉಳಿದದ್ದು ಮಳೆಯಾಶ್ರಯ. ಈ ಬೆಳೆಗಳ ನಡುವೆಯೇ ಹಳ್ಳಿಗಳ ಹೊರವಲಯದಲ್ಲಿ ಉದ್ದನೆಯ ಕೋಳಿ ಶೆಡ್‌ಗಳು ಎದ್ದು ನಿಂತಿವೆ. ಕಬ್ಬಿನ ಹಣಕ್ಕೆ ವರ್ಷವಿಡೀ ಕಾಯಬೇಕು. ಕೋಳಿಯ ಹಣ ಎರಡು ತಿಂಗಳೊಳಗೆ ಕೈಸೇರುತ್ತದೆ. ಮೈಸೂರು ಮತ್ತು ಬೆಂಗಳೂರು ಎಂಬ ಎರಡು ದೊಡ್ಡ ಮಾರುಕಟ್ಟೆಗಳು ಹತ್ತಿರದಲ್ಲಿರುವುದು ಈ ಕಸುಬಿನ ಬಲ. ಆದರೆ ವಿದೇಶಿ ವ್ಯಾಪಾರ ಮಾತುಕತೆಗಳಲ್ಲಿ ಕೃಷಿ ಉತ್ಪನ್ನಗಳ ಸುಂಕದ ಪ್ರಶ್ನೆ ಎದ್ದಾಗಲೆಲ್ಲ ಈ ಶೆಡ್‌ಗಳ ಮಾಲೀಕರಲ್ಲಿ ಆತಂಕ ಮೂಡುತ್ತದೆ. ಈ ಆತಂಕಕ್ಕೆ ಆಧಾರವಿದೆಯೇ?

ಮೊಟ್ಟೆಗಿಂತ ಮಾಂಸದ ಭಯ

ಮೊಟ್ಟೆಯ ಮಟ್ಟಿಗೆ ಸದ್ಯಕ್ಕೆ ಆತಂಕ ಕಡಿಮೆ. ಮೊಟ್ಟೆ ಒಡೆಯುವ, ಕೆಡುವ ವಸ್ತು. ದೂರ ಸಾಗಿಸುವ ವೆಚ್ಚ ಹೆಚ್ಚು. 2023-24ರಲ್ಲಿ ಭಾರತದಲ್ಲಿ ಸುಮಾರು 14,277 ಕೋಟಿ ಮೊಟ್ಟೆಗಳು ಉತ್ಪಾದನೆಯಾದವು. ಹಕ್ಕಿ ಜ್ವರದಿಂದಾಗಿ 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಚಿಲ್ಲರೆ ಬೆಲೆ 6 ಡಾಲರ್ ದಾಟಿತು. ಅಂದರೆ ಒಂದು ಮೊಟ್ಟೆಗೆ 40 ರೂಪಾಯಿಗೂ ಹೆಚ್ಚು. ಅಂಥ ಮೊಟ್ಟೆ ಮಂಡ್ಯದ ಅಂಗಡಿಗೆ ಬಂದು ಪೈಪೋಟಿ ನೀಡಲಾರದು.

ಕೋಳಿಕಾಲಿನ ಲೆಕ್ಕವೇ ಬೇರೆ. ಅಮೆರಿಕದ ಗ್ರಾಹಕರು ಹೆಚ್ಚು ಇಷ್ಟಪಡುವುದು ಎದೆಯ ಬಿಳಿ ಮಾಂಸವನ್ನು. ಕಂಪನಿಗಳು ತಮ್ಮ ಲಾಭವನ್ನು ಬಹುಮಟ್ಟಿಗೆ ಎದೆಯ ಮಾಂಸದಿಂದಲೇ ಪಡೆಯುತ್ತವೆ. ಉಳಿದ ಕಾಲು, ತೊಡೆಗಳನ್ನು ಶೀತಲೀಕರಿಸಿ ಅಗ್ಗದ ದರಕ್ಕೆ ಹೊರದೇಶಗಳಿಗೆ ಕಳುಹಿಸುತ್ತವೆ. ಭಾರತದಲ್ಲಿ ರುಚಿ ತಿರುವುಮುರುವು. ಇಲ್ಲಿ ಬೇಡಿಕೆಯಿರುವುದೇ ಕಾಲಿಗೆ. ಅಲ್ಲಿ ಮಿಕ್ಕಿದ್ದು ಇಲ್ಲಿ ಮೆಚ್ಚಿನದು ಎಂಬಲ್ಲಿಯೇ ಅಪಾಯದ ಬೇರಿದೆ. ಇಲ್ಲಿನ ರೈತ ಇಡೀ ಕೋಳಿಯ ಖರ್ಚನ್ನು ಇಡೀ ಕೋಳಿಯಿಂದಲೇ ಹುಟ್ಟಿಸಬೇಕು. ಅಲ್ಲಿನ ಕಂಪನಿಗೆ ಕಾಲಿನಿಂದ ಬಂದಷ್ಟೂ ಲಾಭವೇ.

ಸುಂಕವೆಂಬ ಬೇಲಿ

ಸದ್ಯ ಈ ಪ್ರವಾಹವನ್ನು ತಡೆದು ನಿಲ್ಲಿಸಿರುವುದು ಕತ್ತರಿಸಿದ ಕೋಳಿಮಾಂಸದ ಮೇಲಿನ ಶೇ. 100ರ ಆಮದು ಸುಂಕ. ಉದಾಹರಣೆಗೆ, ಬಂದರಿನಲ್ಲಿ ಕೆಜಿಗೆ 80 ರೂಪಾಯಿಗೆ ಇಳಿಯುವ ಮಾಂಸ ಸುಂಕ ಸೇರಿದಾಗ 160 ರೂಪಾಯಿಯಾಗುತ್ತದೆ. ಶೀತಲಗೃಹ ಮತ್ತು ಸಾಗಣೆಯ ವೆಚ್ಚ ಬೇರೆ. ಸುಂಕ ಶೇ. 30ಕ್ಕೆ ಇಳಿದರೆ ಅದೇ ಮಾಂಸ 104 ರೂಪಾಯಿಗೆ ದೊರೆಯುತ್ತದೆ.

ಇದಕ್ಕೂ ಮುನ್ನ ಇನ್ನೊಂದು ಬೇಲಿಯಿತ್ತು. ಹಕ್ಕಿ ಜ್ವರದ ಕಾರಣಕ್ಕೆ ಭಾರತವು 2007ರಿಂದ ಅಮೆರಿಕದ ಕೋಳಿ ಉತ್ಪನ್ನಗಳನ್ನು ನಿರ್ಬಂಧಿಸಿತ್ತು. 2012ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಯ ಮೊರೆಹೋಯಿತು. 2014ರಲ್ಲಿ ತಜ್ಞರ ಸಮಿತಿ, 2015ರ ಜೂನ್‌ನಲ್ಲಿ ಮೇಲ್ಮನವಿ ಮಂಡಳಿ ಭಾರತದ ವಿರುದ್ಧ ತೀರ್ಪು ನೀಡಿದವು. ರೋಗದ ಸೌಮ್ಯ ರೂಪ ಕಂಡಾಕ್ಷಣ ಆಮದನ್ನು ನಿಷೇಧಿಸುವುದಕ್ಕೆ ವೈಜ್ಞಾನಿಕ ಆಧಾರ ಸಾಲದು. ರೋಗ ಒಂದು ಪ್ರದೇಶದಲ್ಲಿ ಕಾಣಿಸಿಕೊಂಡರೆ ಇಡೀ ದೇಶದ ಉತ್ಪನ್ನಕ್ಕೆ ಬಾಗಿಲು ಮುಚ್ಚುವುದು ಸರಿಯಲ್ಲ ಎಂಬುದು ತೀರ್ಪಿನ ತಿರುಳು. 2023ರ ಸೆಪ್ಟೆಂಬರ್‌ನಲ್ಲಿ ಉಭಯ ದೇಶಗಳು ಈ ವ್ಯಾಜ್ಯವನ್ನು ಮಾತುಕತೆಯಿಂದ ಬಗೆಹರಿಸಿಕೊಂಡವು. ಶೀತಲೀಕರಿಸಿದ ಟರ್ಕಿ ಕೋಳಿ ಮತ್ತು ಬಾತುಕೋಳಿಯ ಮೇಲಿನ ಸುಂಕ ತಗ್ಗಿಸಲು ಭಾರತ ಒಪ್ಪಿತು. ರೋಗದ ಹೆಸರಿನ ತಡೆಗೋಡೆ ಕುಸಿದ ಮೇಲೆ ಸಾಕಣೆದಾರನಿಗೆ ಉಳಿದಿರುವ ಮುಖ್ಯ ರಕ್ಷಣೆ ಸುಂಕವೊಂದೇ.

ಸುಂಕ ಇಳಿದರೆ ಪೆಟ್ಟು ಯಾರಿಗೆ?

ಮಾಂಸದ ಕೋಳಿ ಸುಮಾರು 40 ದಿನಗಳಲ್ಲಿ ಎರಡು ಕೆಜಿ ತೂಗುತ್ತದೆ. ಅಷ್ಟರಲ್ಲಿ ಅದು ತಿನ್ನುವ ಆಹಾರ ಮೂರು ಕೆಜಿಗೂ ಹೆಚ್ಚು. ಆ ನಂತರ ಮಾರದೆ ಇಟ್ಟುಕೊಂಡ ಪ್ರತಿದಿನವೂ ನಷ್ಟವೇ. ರಾಗಿಯಂತೆ ಇದನ್ನು ಕಣಜದಲ್ಲಿ ತುಂಬಿಟ್ಟು ಬೆಲೆ ಬರುವವರೆಗೆ ಕಾಯಲಾಗದು. ಬೆಲೆ ಕುಸಿತ ಈ ಕಸುಬನ್ನು ಬಹುಬೇಗ ಕೊಲ್ಲುವುದು ಈ ಕಾರಣದಿಂದ. 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಹರಡುತ್ತದೆಂಬ ಸುಳ್ಳು ಸುದ್ದಿಯಿಂದ ಮಾರಾಟ ನೆಲಕಚ್ಚಿದಾಗ ಬೆಳಗಾವಿ, ಕೋಲಾರ ಜಿಲ್ಲೆಗಳಲ್ಲಿ ಸಾಕಣೆದಾರರು ಕೋಳಿಗಳನ್ನು ಜೀವಂತ ಹೂಳಬೇಕಾಯಿತು. ಅದೇ ತಿಂಗಳು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿ ಜ್ವರ ಪತ್ತೆಯಾಗಿ, ನೆರೆಯ ಮಂಡ್ಯದ ಸಾಕಣೆದಾರರನ್ನೂ ಭಯ ಆವರಿಸಿತು.

ಅಗ್ಗದ ಆಮದಿನ ಪೆಟ್ಟು ಎಲ್ಲರಿಗೂ ಒಂದೇ ಬಗೆಯಲ್ಲಿ ಬೀಳುವುದಿಲ್ಲ. ಮರಿ, ಆಹಾರ, ಔಷಧ ಎಲ್ಲವನ್ನೂ ಸ್ವಂತ ಹಣದಿಂದ ಕೊಂಡು ಸಾಕುವವನಿಗೆ ಕುಸಿತ ನೇರವಾಗಿ ತಟ್ಟುತ್ತದೆ. ಗುತ್ತಿಗೆ ಸಾಕಣೆಯಲ್ಲಿ ಕಂಪನಿಯೇ ಮರಿ, ಆಹಾರ ಒದಗಿಸಿ ಕೆಜಿ ಲೆಕ್ಕದಲ್ಲಿ ಸಾಕಣೆ ಕೂಲಿ ನೀಡುತ್ತದೆ. ಮಾರುಕಟ್ಟೆ ದರದ ಏರಿಳಿತ ರೈತನಿಗೆ ನೇರವಾಗಿ ತಟ್ಟದು. ಆದರೆ ಬೇಡಿಕೆ ತಗ್ಗಿದಾಗ ಕಂಪನಿ ಮರಿ ಹಾಕುವುದನ್ನು ತಡಮಾಡುತ್ತದೆ. ಶೆಡ್ ಖಾಲಿ ಬಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಹಿತ್ತಲಲ್ಲಿ ಹತ್ತಾರು ನಾಟಿಕೋಳಿ, ಗಿರಿರಾಜ ಸಾಕುವ ಮಹಿಳೆಯರಿಗೆ ಮಾತ್ರ ತೊಂದರೆ ಕಡಿಮೆ. ನಾಟಿಕೋಳಿ ಸಾರಿನ ರುಚಿ ಬಲ್ಲವರು ಶೀತಲೀಕರಿಸಿದ ಕಾಲಿಗೆ ಮಾರುಹೋಗುವುದು ಕಷ್ಟ.

ಇದು ಬರೀ ಊಹೆಯಲ್ಲ. ಯುರೋಪಿನ ಶೀತಲೀಕೃತ ಕೋಳಿಮಾಂಸ ಆಫ್ರಿಕದ ಕ್ಯಾಮರೂನ್‌ಗೆ ನುಗ್ಗಿ ಸ್ಥಳೀಯ ಸಾಕಣೆಯನ್ನು ನೆಲಸಮ ಮಾಡಿದ ನಂತರ ಆ ದೇಶ 2006ರಲ್ಲಿ ಆಮದನ್ನೇ ನಿಲ್ಲಿಸಿತು. ಘಾನಾದ ಸಾಕಣೆದಾರರು ಇಂದಿಗೂ ಆ ಹೊಡೆತದಿಂದ ಚೇತರಿಸಿಕೊಂಡಿಲ್ಲ.

ಮೇವಿನ ಮತ್ತೊಂದು ಮುಖ

ಕೋಳಿ ಸಾಕಣೆಯ ವೆಚ್ಚದಲ್ಲಿ ಸುಮಾರು ಮೂರನೇ ಎರಡರಷ್ಟು ಆಹಾರದ್ದು. ಅದರಲ್ಲಿ ಮುಖ್ಯವಾದವು ಮುಸುಕಿನ ಜೋಳ ಮತ್ತು ಸೋಯಾ ಹಿಂಡಿ. ಎಥನಾಲ್ ತಯಾರಿಕೆಗೆ ಮುಸುಕಿನ ಜೋಳ ಹೋಗತೊಡಗಿದ ಮೇಲೆ ಬೆಲೆಯ ಮೇಲೆ ಒತ್ತಡ ಹೆಚ್ಚಿದೆ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಗಗನಕ್ಕೇರಿದಾಗ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ನೀಡಿತು. ಕೋಳಿ ಉದ್ಯಮ ಸ್ವಾಗತಿಸಿತು. ಸೋಯಾ ಬೆಳೆಗಾರರಿಗೆ ಅದು ಹಿಡಿಸಲಿಲ್ಲ. ಕೋಳಿಯ ಆಮದು ಬೇಡ, ಮೇವಿನ ಆಮದು ಬೇಕು ಎನ್ನುವ ಈ ದ್ವಂದ್ವ ಸಾಕಣೆದಾರನನ್ನು ನೆರೆಹೊಲದ ಜೋಳದ ರೈತನ ಎದುರು ನಿಲ್ಲಿಸುತ್ತದೆ. ಆದರೆ ಕೋಳಿ ಶೆಡ್‌ಗಳೇ ಮುಚ್ಚಿದರೆ ಆ ಜೋಳಕ್ಕೂ ದೊಡ್ಡ ಗಿರಾಕಿ ಇರುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಆಗಬೇಕಾದದ್ದು

1996ರ ಜನವರಿ 30ರಂದು ಬೆಂಗಳೂರಿನ ಕೆಂಟಕಿ ಫ್ರೈಡ್ ಚಿಕನ್ ಮಳಿಗೆಯ ಮೇಲೆ ರಾಜ್ಯ ರೈತ ಸಂಘದ ಕಾರ್ಯಕರ್ತರು ದಾಳಿ ನಡೆಸಿದಾಗ ದೇಶವೇ ಇತ್ತ ನೋಡಿತು. ಆದರೆ ಆ ಬಗೆಯ ಮಳಿಗೆಗಳು ಇಂದು ಊರೂರಿಗೂ ಬಂದಿವೆ. ಅವು ಬೇಯಿಸುವುದು ಬಹುತೇಕ ಇಲ್ಲಿಯೇ ಸಾಕಿದ ಕೋಳಿಯನ್ನು. ವಿದೇಶಿ ಮಳಿಗೆ ಬಂದರೂ ಕೋಳಿ ಸ್ವದೇಶಿಯಾಗಿ ಉಳಿದದ್ದರಲ್ಲಿ ಸುಂಕದ ಪಾಲು ದೊಡ್ಡದು.

ಸುಂಕವನ್ನು ಉಳಿಸಿಕೊಳ್ಳುವುದು ಕೇಂದ್ರದ ಕೆಲಸ. ಆ ಬೇಲಿಯೊಳಗೆ ಕಸುಬನ್ನು ಗಟ್ಟಿಗೊಳಿಸುವುದು ರಾಜ್ಯದ್ದು. ಗುತ್ತಿಗೆ ಸಾಕಣೆಗೆ ಲಿಖಿತ ಕರಾರು, ನ್ಯಾಯವಾದ ಕೂಲಿ, ಶೆಡ್ ಖಾಲಿಯಿರುವ ಅವಧಿಗೆ ಪರಿಹಾರ ಬೇಕು. ತಾಲ್ಲೂಕು ಮಟ್ಟದಲ್ಲಿ ಶೀತಲಗೃಹವಿದ್ದರೆ ಬೆಲೆ ಕುಸಿದ ದಿನ ಕೋಳಿಯನ್ನು ಸಿಕ್ಕ ದರಕ್ಕೆ ಮಾರುವುದು ತಪ್ಪುತ್ತದೆ. ಬೇಡಿಕೆಯೂ ಬೆಳೆಯಬೇಕು. ಪೌಷ್ಟಿಕತೆಯ ದೃಷ್ಟಿಯಿಂದ ಒಬ್ಬರಿಗೆ ವರ್ಷಕ್ಕೆ 180 ಮೊಟ್ಟೆ ಬೇಕೆಂದು ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಹೇಳಿದೆ. 2023-24ರಲ್ಲಿ ತಲಾ ಲಭ್ಯತೆ 103 ಮಾತ್ರ. ರಾಜ್ಯದ ಶಾಲೆಗಳಲ್ಲಿ 2024ರಲ್ಲಿ ಮೊಟ್ಟೆ ವಿತರಣೆಯನ್ನು ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿದ್ದು ಮಕ್ಕಳಿಗೂ ಸಾಕಣೆದಾರರಿಗೂ ಒಳ್ಳೆಯದೇ.

ಅಗ್ಗದ ಕೋಳಿಕಾಲು ನಗರದ ಗ್ರಾಹಕನಿಗೆ ಕೆಲಕಾಲ ಲಾಭವೆನಿಸಬಹುದು. ಆದರೆ ಒಮ್ಮೆ ಮುಚ್ಚಿದ ಶೆಡ್ ಸುಲಭವಾಗಿ ತೆರೆಯುವುದಿಲ್ಲ. ಹಕ್ಕಿ ಜ್ವರವೋ, ಯುದ್ಧವೋ, ಡಾಲರಿನ ಏರಿಕೆಯೋ ಆಮದನ್ನು ನಿಲ್ಲಿಸಿದ ದಿನ, ಆ ಗ್ರಾಹಕ ಮತ್ತೆ ಪಾಂಡವಪುರ, ನಾಗಮಂಗಲಗಳತ್ತಲೇ ನೋಡಬೇಕಾಗುತ್ತದೆ. ಅಂದು ಅಲ್ಲಿ ಕೋಳಿ ಸಾಕುವವರು ಉಳಿದಿರಬೇಕಲ್ಲವೇ?