ಮನಿಪ್ಲಾಂಟಿನ ಮಚ್ಚೆ ಮಾಸುವುದೇಕೆ?

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿ ದೇವಾಲಯವಿದೆ. ಲಕ್ಷ್ಮಿಯ ಪತಿಯೇ ನೆಲೆಸಿರುವ ಊರಿಗೆ ಸಂಪತ್ತು ತರಲು ಬೇರೊಂದು ಬಳ್ಳಿ ಏಕೆ ಎಂದು ಯಾರಾದರೂ ತಮಾಷೆಗೆ ಕೇಳಬಹುದು. ಆದರೂ ಈ ಸೀಮೆಯ ಬೇರೆಲ್ಲ ಊರುಗಳಂತೆ ಇಲ್ಲಿಯೂ ಮನೆಯ ಟಿ.ವಿ. ಪಕ್ಕದಲ್ಲೋ ಗೋಡೆಯ ಮೊಳೆಯಲ್ಲೋ ಹಳೆಯ ಬಾಟಲಿಯೊಂದರ ಬಾಯಿಂದ ಮನಿಪ್ಲಾಂಟ್ ಇಳಿಬಿದ್ದಿರುವುದು ಅಪರೂಪದ ನೋಟವಲ್ಲ. ತಂದಾಗ ಎಲೆಯ ಮೇಲೆ ಹಳದಿ, ಕೆನೆಬಣ್ಣದ ಚಿತ್ತಾರ ಎದ್ದು ಕಾಣುತ್ತಿರುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಹೊಸದಾಗಿ ಬಂದ ಎಲೆಗಳು ಬರೀ ಹಸಿರು, ಅದೂ ಚಿಕ್ಕವು. ಗೆಣ್ಣಿಗೂ ಗೆಣ್ಣಿಗೂ ನಡುವೆ ಮಾರುದ್ದದ ಬರಿಯ ದಂಟು. ಗಿಡಕ್ಕೆ ದೃಷ್ಟಿ ತಗುಲಿತು ಎಂಬ ಮಾತೂ ಬರುತ್ತದೆ. ತಗುಲಿರುವುದು ದೃಷ್ಟಿಯಲ್ಲ, ಕತ್ತಲೆ.

ಮೊದಲು ಈ ಬಳ್ಳಿಯ ಕುಲಗೋತ್ರವನ್ನು ತಿಳಿಯೋಣ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಎಪಿಪ್ರೆಮ್ನಮ್ ಆರಿಯಮ್. ತವರು ಶಾಂತ ಮಹಾಸಾಗರದ ಸೊಸೈಟಿ ದ್ವೀಪಗಳ ಪೈಕಿ ಮೋರಿಯಾ ಎಂಬ ಪುಟ್ಟ ದ್ವೀಪ. 1880ರಲ್ಲಿ ಇದನ್ನು ಪೋಥೋಸ್ ಕುಲಕ್ಕೆ ಸೇರಿಸಿ ಹೆಸರಿಟ್ಟರು. ಆಮೇಲೆ ಒಂದು ಕುಲದಿಂದ ಇನ್ನೊಂದಕ್ಕೆ ಎತ್ತಿಹಾಕುತ್ತ ಹೋಗಿ, 1964ರಲ್ಲಿ ಈಗಿನ ಹೆಸರಿಗೆ ತಂದು ನಿಲ್ಲಿಸಿದರು. ಇಷ್ಟು ಗೊಂದಲಕ್ಕೆ ಕಾರಣವಿದೆ. ಗಿಡದ ಕುಲವನ್ನು ಹೂವು ನೋಡಿ ತೀರ್ಮಾನಿಸುವುದು ವಾಡಿಕೆ. ಈ ಬಳ್ಳಿಯೋ ಹೂವನ್ನೇ ಬಿಡುವುದಿಲ್ಲ. ಹೂ ಅರಳಿಸಲು ಬೇಕಾದ ಜಿಬ್ಬರೆಲಿನ್ ಎಂಬ ಚೋದಕವನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನು ವಿಜ್ಞಾನಿಗಳು 2016ರಲ್ಲಿ ಕಂಡುಹಿಡಿದರು. ಹೊರಗಿನಿಂದ ಆ ಚೋದಕವನ್ನು ಸಿಂಪಡಿಸಿದಾಗ ಬಳ್ಳಿ ಹೂ ಬಿಟ್ಟಿತು.

ಹೂವಿಲ್ಲದ ಮೇಲೆ ಬೀಜವೆಲ್ಲಿ? ಹಾಗಾಗಿ ಹೆಡತಲೆಯ ಗೋಡೆಯ ಮೇಲಿರುವ ಬಳ್ಳಿಯೂ ಮೈಸೂರಿನ ಕಚೇರಿಯ ಮೇಜಿನ ಮೇಲಿರುವುದೂ ತುಂಡಿನಿಂದ ತುಂಡಾಗಿ ಕೈಯಿಂದ ಕೈಗೆ ಬಂದವು. ಕದ್ದು ತಂದ ಮನಿಪ್ಲಾಂಟ್ ಮಾತ್ರ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಎಲ್ಲರಿಗೂ ಗೊತ್ತು. ಕದಿಯುವವರು ಬಡಕಲು ಬಳ್ಳಿಗೆ ಕೈ ಹಾಕುವುದಿಲ್ಲ, ಸೊಂಪಾದದ್ದನ್ನೇ ಚಿವುಟುತ್ತಾರೆ. ಅದರ ಗುಟ್ಟು ಅಷ್ಟೇ ಇರಬೇಕು. ಎಷ್ಟು ಅಲಕ್ಷ್ಯ ಮಾಡಿದರೂ ಸಾಯದ ಈ ಬಳ್ಳಿಯನ್ನು ಇಂಗ್ಲಿಷಿನವರು ‘ಡೆವಿಲ್ಸ್ ಐವಿ’, ಅಂದರೆ ದೆವ್ವದ ಬಳ್ಳಿ ಎಂದು ಕರೆಯುತ್ತಾರೆ. ಅಲ್ಲಿ ದೆವ್ವ, ಇಲ್ಲಿ ಲಕ್ಷ್ಮಿ!

ಇನ್ನು ಮಚ್ಚೆಯ ವಿಚಾರ. ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು. ಬಿಸಿಲಿನ ಶಕ್ತಿಯನ್ನು ಹಿಡಿದು, ನೀರು ಮತ್ತು ಇಂಗಾಲದ ಡೈ ಆಕ್ಸೈಡಿನಿಂದ ಸಕ್ಕರೆ ತಯಾರಿಸುವ ಅಡುಗೆಮನೆ ಅದು. ಮನಿಪ್ಲಾಂಟಿನ ಎಲೆಯಲ್ಲಿ ಕೆಲವು ಜೀವಕೋಶಗಳಿಗೆ ಈ ಪತ್ರಹರಿತ್ತನ್ನು ಪೂರ್ತಿಯಾಗಿ ತಯಾರಿಸುವ ಶಕ್ತಿಯಿಲ್ಲ. ಅಂಥ ಕೋಶಗಳು ಗುಂಪಾಗಿರುವ ಕಡೆ ಹಳದಿ ಅಥವಾ ಬಿಳಿ ಪಟ್ಟೆ ಕಾಣುತ್ತದೆ. ಅಂದರೆ ನಾವು ಮೆಚ್ಚುವ ಚಿತ್ತಾರ ಗಿಡದ ಪಾಲಿಗೆ ಒಂದು ಕೊರತೆ. ಹಸಿರು ಭಾಗ ದುಡಿಯುತ್ತದೆ; ಬಿಳಿ ಭಾಗ ಕುಳಿತು ಉಣ್ಣುತ್ತದೆ. ಬೆಳಕು ಧಾರಾಳವಾಗಿದ್ದಾಗ ದುಡಿಯುವವರ ಸಂಪಾದನೆಯಲ್ಲಿ ಎಲ್ಲರ ಹೊಟ್ಟೆಯೂ ತುಂಬುತ್ತದೆ. ಬೆಳಕು ಕಡಿಮೆಯಾದಂತೆ ಹೊಸ ಎಲೆಗಳಲ್ಲಿ ಹಸಿರು ಹೆಚ್ಚುತ್ತ ಹೋಗುತ್ತದೆ. ಹಸಿರು ಹೆಚ್ಚಿರುವ ಚಿಗುರು ಬೇಗ ಬೆಳೆದು, ಬಿಳಿ ಹೆಚ್ಚಿರುವ ಚಿಗುರನ್ನು ಹಿಂದೆ ಹಾಕುತ್ತದೆ. ಹೀಗೆ ಚಿತ್ತಾರ ಮಾಸುತ್ತದೆ. ಕ್ರೋಟನ್ ಗಿಡದ ಕೆಂಪು, ಹಳದಿಯ ಕಥೆ ಬೇರೆ. ಅಲ್ಲಿ ಹಸಿರಿನ ಜೊತೆಗೆ ಬೇರೆ ವರ್ಣದ್ರವ್ಯಗಳು ತುಂಬಿಕೊಂಡಿರುತ್ತವೆ. ಅದಕ್ಕೆ ಅಂಗಳದ ಬಿಸಿಲೇ ಬೇಕು.

ಮನೆಯೊಳಗೆ ಎಷ್ಟು ಬೆಳಕಿದೆ ಎಂಬುದನ್ನು ಅಳೆಯುವಲ್ಲಿ ನಮ್ಮ ಕಣ್ಣು ದೊಡ್ಡ ಮೋಸಗಾರ. ಅಂಗಳದ ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಒಂದೆರಡು ಸಾವಿರ ಲಕ್ಸ್ ಇದ್ದರೆ ಹೆಚ್ಚು. ದಪ್ಪ ಗೋಡೆಯ, ಸಣ್ಣ ಕಿಟಕಿಯ ಹೆಂಚಿನ ಮನೆಯ ನಡುಮನೆಯ ಮೂಲೆಯಲ್ಲಿ 100 ಲಕ್ಸ್ ಕೂಡ ಇರಲಾರದು. ಅಂದರೆ ಹೊರಗಿನ ಸಾವಿರದ ಒಂದು ಪಾಲು. ಆದರೆ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುವುದರಿಂದ ನಮಗೆ ಅಷ್ಟು ವ್ಯತ್ಯಾಸ ತೋರುವುದಿಲ್ಲ. ಎಲೆಗೆ ಪಾಪೆಯಿಲ್ಲ.

ಬೆಳಕಿನ ಪರೀಕ್ಷೆಗೆ ಉಪಕರಣ ಬೇಡ. ನಡುಹಗಲಿನಲ್ಲಿ ದೀಪ ಹಾಕದೆ ಪತ್ರಿಕೆಯ ಸಣ್ಣ ಅಕ್ಷರಗಳನ್ನು ಓದಲು ಕಷ್ಟವಾಗುವ ಜಾಗ ಈ ಗಿಡಕ್ಕೂ ಆಗದು. ಬಿಳಿ ಕಾಗದದ ಮೇಲೆ ಅಂಗೈ ಹಿಡಿದಾಗ ಅಂಚು ಮಸುಕಾದ ನೆರಳು ಬಿದ್ದರೆ ಜಾಗ ಸರಿಯಾಗಿದೆ. ನೆರಳು ಕಡುಕಪ್ಪಾಗಿ, ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಅದು ನೇರ ಬಿಸಿಲು. ಬಿಳಿ ಭಾಗ ಸುಟ್ಟು ಕಂದಾಗುತ್ತದೆ. ಪೂರ್ವದ ಕಿಟಕಿ ಅಥವಾ ಜಗಲಿಯ ಒಳಬದಿ ಉತ್ತಮ. ತೊಟ್ಟಿಮನೆಯಿದ್ದವರು ಪುಣ್ಯವಂತರು, ತೊಟ್ಟಿಯ ಸುತ್ತಲ ಪಡಸಾಲೆಯ ಕಂಬವೇ ಇದಕ್ಕೆ ಹೇಳಿ ಮಾಡಿಸಿದ ತಾಣ. ಕತ್ತಲೆಯ ಮೂಲೆಯಲ್ಲಿಯೇ ಇಡಬೇಕೆಂಬ ಹಟವಿದ್ದರೆ ಎರಡು ಗಿಡ ಸಾಕಿ, ಹದಿನೈದು ದಿನಕ್ಕೊಮ್ಮೆ ಒಂದನ್ನು ಒಳಗೆ, ಇನ್ನೊಂದನ್ನು ಜಗಲಿಗೆ ಅದಲುಬದಲು ಮಾಡುವುದೊಂದೇ ದಾರಿ.

ಈಗಾಗಲೇ ಪೂರ್ತಿ ಹಸಿರಾಗಿರುವ ಬಳ್ಳಿಗೆ ಕತ್ತರಿಯೇ ಮದ್ದು. ತುದಿಯಿಂದ ಹಿಂದಕ್ಕೆ ನೋಡುತ್ತ ಬಂದು, ಹಸಿರೂ ಬಿಳಿಯೂ ಸಮನಾಗಿ ಬೆರೆತಿರುವ ಕೊನೆಯ ಎಲೆಯ ಮುಂದೆ ಕತ್ತರಿಸಬೇಕು. ಆ ಗೆಣ್ಣಿನಿಂದ ಒಡೆಯುವ ಕವಲು ಸಾಮಾನ್ಯವಾಗಿ ಆ ಎಲೆಯ ಗುಣವನ್ನೇ ಪಡೆಯುತ್ತದೆ. ಅತಿ ಆಸೆಯಿಂದ ಪೂರಾ ಬಿಳಿಯ ತುದಿಯನ್ನು ಆರಿಸಿ ನೆಟ್ಟರೆ ಅದು ಉಪವಾಸದಿಂದ ಸಾಯುತ್ತದೆ. ಗೆಣ್ಣಿಲ್ಲದ ಬರಿಯ ಎಲೆಯನ್ನು ನೀರಿಗಿಟ್ಟವರ ಅನುಭವ ಇನ್ನೂ ವಿಚಿತ್ರ. ತೊಟ್ಟಿನಲ್ಲಿ ಬೇರು ಬರುತ್ತದೆ, ಎಲೆ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಆದರೆ ಚಿಗುರು ಮಾತ್ರ ಬರುವುದಿಲ್ಲ. ಮೊಗ್ಗು ಇರುವುದು ಗೆಣ್ಣಿನಲ್ಲಿ.

ಬಾಟಲಿಯ ಮನಿಪ್ಲಾಂಟಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಗಿಡದ ಆರೋಗ್ಯದ್ದಲ್ಲ, ಮನೆಯವರ ಆರೋಗ್ಯದ್ದು. ಲಾರ್ವ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರಿಗೂ ಮನೆಯ ಹೆಂಗಸರಿಗೂ ಹಳ್ಳಿಗಳಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಈ ಧಾಟಿಯಲ್ಲಿರುತ್ತದೆ:

“ಅಕ್ಕಾ, ಈ ಬಾಟ್ಲಿ ನೀರು ಯಾವಾಗ ಬದಲಾಯಿಸಿದ್ರಿ?”

“ಬದಲಾಯಿಸೋದು ಏನವ್ವಾ, ಇಳಿದಂಗೆಲ್ಲಾ ತುಂಬ್ತಾನೇ ಇರ್ತೀವಲ್ಲ.”

ತಪ್ಪು ನಡೆಯುವುದು ಈ ‘ತುಂಬುವ’ ಕಡೆಯೇ. ಡೆಂಗಿ ಜ್ವರ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯ ತಿಳಿನೀರನ್ನು ಇಷ್ಟಪಡುತ್ತದೆ. ಡ್ರಮ್ಮು, ತೊಟ್ಟಿ, ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟಿನ ಬಾಟಲಿ ಎಲ್ಲವೂ ಅದಕ್ಕೆ ಹೆರಿಗೆಮನೆ. ಅದು ಮೊಟ್ಟೆಯಿಡುವುದು ನೀರಿನ ಮೇಲಲ್ಲ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಇಳಿದ ನೀರನ್ನು ಮತ್ತೆ ತುಂಬಿದಾಗ ಮೊಟ್ಟೆಗಳು ಮುಳುಗುತ್ತವೆ, ಒಡೆದು ಲಾರ್ವ ಹೊರಬರುತ್ತದೆ, ವಾರ ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗುವ ಮನೆಯಲ್ಲೂ, ಹಗಲು ಟಿ.ವಿ. ಮುಂದೆ ಕೂತ ಮಗುವಿಗೆ ಜ್ವರ ಬರುವುದು ಹೀಗೆ.

ಕರ್ನಾಟಕದಲ್ಲಿ 2024ರಲ್ಲಿ ಡೆಂಗಿ ಬಹಳ ಹೆಚ್ಚಿತು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಅವಕಾಶ ಕೊಡುವ ಮನೆಯವರಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದು ನಿಯಮ ಮಾಡಿತು. ದಂಡ ಕಟ್ಟಿಬಿಡಬಹುದು, ರಕ್ತದ ಪ್ಲೇಟ್‌ಲೆಟ್ ಕುಸಿದಾಗ ಆಸ್ಪತ್ರೆಗೆ ಓಡುವ ಪಾಡು ಬೇರೆ. ಸಂಪತ್ತಿಗೆಂದು ತಂದ ಬಳ್ಳಿಯ ಬಾಟಲಿಯಿಂದಲೇ ಮನೆಯ ಗಂಟು ಕರಗುವುದು ಎಂಥ ವಿಪರ್ಯಾಸ!

ಹಾಗೆಂದು ಬಳ್ಳಿಯನ್ನು ಕಿತ್ತೆಸೆಯಬೇಕಿಲ್ಲ. ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ನೀರನ್ನು ಪೂರ್ತಿ ಚೆಲ್ಲಬೇಕು, ಬಾಟಲಿಯ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು, ಬೇರುಗಳನ್ನೂ ಹರಿಯುವ ನೀರಿನಲ್ಲಿ ತೊಳೆಯಬೇಕು. ಉಜ್ಜದೆ ನೀರು ಮಾತ್ರ ಬದಲಾಯಿಸಿದರೆ ಮೊಟ್ಟೆ ಗೋಡೆಗೇ ಅಂಟಿರುತ್ತದೆ. ಚೆಲ್ಲುವ ನೀರನ್ನು ಒಣ ಮಣ್ಣಿಗೆ ಸುರಿಯಬೇಕು, ಇನ್ನೊಂದು ತೊಟ್ಟಿಗಲ್ಲ. ಬಾಟಲಿಯ ಬಾಯಿಗೆ ದಂಟಿನ ಸುತ್ತ ಹತ್ತಿಯನ್ನೋ ಬಟ್ಟೆಯನ್ನೋ ಬಿಗಿಯಾಗಿ ತುರುಕಿದರೆ ಸೊಳ್ಳೆಗೆ ಒಳದಾರಿಯೇ ಇಲ್ಲ. ಕುಂಡದ ಅಡಿಯ ತಟ್ಟೆಗೂ ಇದೇ ನಿಯಮ.

ಇದಕ್ಕಿಂತ ಒಳ್ಳೆಯದು ಬಳ್ಳಿಯನ್ನು ಮಣ್ಣಿಗೆ ದಾಟಿಸುವುದು. ಬರಿಯ ನೀರಿನಲ್ಲಿ ಪೋಷಕಾಂಶ ತೀರ ಕಡಿಮೆ. ಅಲ್ಲಿ ಗಿಡ ಬದುಕುತ್ತದೆಯೇ ಹೊರತು ಬಾಳುವುದಿಲ್ಲ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮನಾಗಿ ಬೆರೆಸಿದರೆ ಸಾಕು. ಎರೆಮಣ್ಣು ನೀರು ಹಿಡಿದು ಬೇರನ್ನು ಕೊಳೆಸುತ್ತದೆ, ಅದು ಬೇಡ. ಕುಂಡದ ತಳದಲ್ಲಿ ತೂತಿರಲೇಬೇಕು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ಮನೆಯೊಳಗಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಅತಿ ಪ್ರೀತಿಯ ನೀರಿನಿಂದ ಸಾಯುವುದೇ ಹೆಚ್ಚು. ಕೆಳಗಿನ ಎಲೆಗಳು ಸಾಲಾಗಿ ಹಳದಿಯಾಗಿ, ದಂಟಿನ ಬುಡ ಮೆತ್ತಗಾದರೆ ಅದು ನೀರು ಹೆಚ್ಚಾದ ಗುರುತು. ಗಡಸು ಕೊಳವೆಬಾವಿ ನೀರು ಹಾಕುವ ಕಡೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಎಲೆಯ ತುದಿ ಕಂದಾಗುತ್ತದೆ. ಮಳೆಗಾಲದಲ್ಲಿ ಸೂರಿನ ನೀರನ್ನು ಧಾರಾಳವಾಗಿ ಸುರಿದು ಆ ಉಪ್ಪನ್ನು ತೂತಿನ ಮೂಲಕ ತೊಳೆದುಬಿಡಬಹುದು. ಒಲೆಯ ಹೊಗೆ, ರಸ್ತೆಯ ಧೂಳು ಎಲೆಯ ಮೇಲೆ ಕೂತರೆ ಇರುವ ಬೆಳಕೂ ಒಳಗಿಳಿಯದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಕಂಕುಳಲ್ಲಿ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಕಂಡರೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತೆಗೆದುಹಾಕಿದರೆ ಆಯಿತು.

ಎಲೆಯ ಆಕಾರ ವೀಳ್ಯದೆಲೆಯಂತೆ ಕಂಡರೂ ಎರಡಕ್ಕೂ ನಂಟಿಲ್ಲ. ವೀಳ್ಯದೆಲೆ ಮೆಣಸಿನ ಬಳ್ಳಿಯ ಬಂಧು. ಮನಿಪ್ಲಾಂಟ್ ಕೆಸು, ಸುವರ್ಣಗೆಡ್ಡೆಯ ಕುಟುಂಬಕ್ಕೆ ಸೇರಿದ್ದು. ಹುಣಸೆಹುಳಿ ಹಾಕದ ಕೆಸುವಿನ ಸೊಪ್ಪಿನ ಸಾರು ಗಂಟಲು ಕೆರೆಯುವುದು ಯಾರಿಗೆ ಗೊತ್ತಿಲ್ಲ? ಅದೇ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದರಲ್ಲೂ ಇವೆ. ಅಂಬೆಗಾಲಿಡುವ ಮಗು ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಬಾಯನ್ನು ತೊಳೆಸಿ ನೀರು ಕುಡಿಸಬೇಕು; ನಾಲಿಗೆ ದಪ್ಪಗಾಗಿ ಉಸಿರಾಟಕ್ಕೆ ತೊಂದರೆ ಕಂಡರೆ ತಡಮಾಡದೆ ವೈದ್ಯರ ಬಳಿಗೆ. ಬೆಕ್ಕು ನಾಯಿಗಳಿಗೂ ಇದು ಆಗದು.

ಮನಿಪ್ಲಾಂಟ್ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಪ್ರಚಾರವೂ ಜೋರಾಗಿದೆ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮೂಲ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕಹಾಕಿದ ಸಂಶೋಧಕರು, ಕಿಟಕಿ ಬಾಗಿಲಿನ ಗಾಳಿಯಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕಾಗಬಹುದು ಎಂದರು. ಕಿಟಕಿ ತೆರೆಯುವುದು ಸುಲಭ.

ಮಣ್ಣಿಗೆ ಬಂದ ಬಳ್ಳಿಗೆ ಆಸರೆ ಕೊಟ್ಟು ಮೇಲೆ ಹಬ್ಬಿಸಿದರೆ ಎಲೆ ದೊಡ್ಡದಾಗುತ್ತದೆ, ಇಳಿಬಿಟ್ಟರೆ ಚಿಕ್ಕದಾಗುತ್ತದೆ. ತೆಂಗಿನ ಮರಕ್ಕೆ ಹತ್ತಿಸಿದ ಬಳ್ಳಿಯಲ್ಲಿ ಮೊಳದುದ್ದದ, ಅಂಚು ಸೀಳಿದ ಎಲೆಗಳನ್ನು ಕಂಡವರು ಅದು ಮನಿಪ್ಲಾಂಟ್ ಎಂದರೆ ನಂಬುವುದಿಲ್ಲ. ಈ ಶಕ್ತಿಯೇ ಅದರ ಅಪಾಯವೂ ಹೌದು. ಶ್ರೀಲಂಕಾದ ಕ್ಯಾಂಡಿಯ ಉಡವತ್ತಕೆಲೆ ರಕ್ಷಿತಾರಣ್ಯದಲ್ಲಿ ಇದು ಹಲವು ಹೆಕ್ಟೇರ್ ನೆಲವನ್ನು ಮುಸುಕಿಕೊಂಡಿದೆ. ಕತ್ತರಿಸಿದ ತುಂಡುಗಳನ್ನು ನಾಲೆಯ ಏರಿಗೋ ಕೆರೆಯ ಅಂಚಿಗೋ ಎಸೆಯದೆ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ತಿಪ್ಪೆಗೆ ಹಾಕಬೇಕು. ಒಂದೇ ಒಂದು ಹಸಿ ಗೆಣ್ಣು ಉಳಿದರೂ ಅದು ಬೇರು ಬಿಡುತ್ತದೆ.

ಬಾಟಲಿಯಿಂದ ಕುಂಡಕ್ಕೆ ಬಂದ ಬಳ್ಳಿ ಮೊದಲ ಹತ್ತು ಹದಿನೈದು ದಿನ ಜೋಲುಮುಖ ಹಾಕುತ್ತದೆ. ನೀರಿನಲ್ಲಿ ಹುಟ್ಟಿದ ಬೇರುಗಳು ಮಣ್ಣಿಗೆ ಒಗ್ಗದೆ ಹೊಸ ಬೇರು ಬರುವವರೆಗೆ ಹಾಗೆಯೇ. ಅಷ್ಟು ದಿನ ಮಣ್ಣನ್ನು ಒಣಗಲು ಬಿಡದೆ, ಬಿಸಿಲು ತಾಗಿಸದೆ ಇಡಬೇಕು. ಈ ಕೆಲಸಕ್ಕೆ ಚಳಿಗಾಲಕ್ಕಿಂತ ಮುಂಗಾರಿನ ಮೊದಲ ಮಳೆ ಬಿದ್ದ ಮೇಲಿನ ದಿನಗಳು ಒಳ್ಳೆಯವು.