ಆ ರಾಣಿ ಇರುವೆಯ ಹೆಸರೇನು?

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟಿನ ಸುತ್ತ ರೆಕ್ಕೆಯ ಹುಳುಗಳು ಮುತ್ತಿಕೊಳ್ಳುತ್ತವೆ. ಬೆಳಿಗ್ಗೆ ನೆಲದ ಮೇಲೆ ಉದುರಿದ ರೆಕ್ಕೆಗಳು ಬಿದ್ದಿರುತ್ತವೆ. ಗೋಡೆಯಂಚಿನಲ್ಲಿ ದಪ್ಪನೆಯ ಇರುವೆಯೊಂದು ಒಂಟಿಯಾಗಿ ಓಡುತ್ತಿದ್ದರೆ ಅದು ರಾಣಿ ಆಗಿರಬಹುದು. ಗಂಡಿನೊಡನೆ ಕೂಡಿ, ರೆಕ್ಕೆ ಕಳಚಿ, ಹೊಸ ಗೂಡಿಗೆ ಜಾಗ ಹುಡುಕುತ್ತಿರುತ್ತದೆ. ಅದನ್ನು ಡಬ್ಬಿಯಲ್ಲಿ ಹಿಡಿದವರ ಮೊದಲ ಪ್ರಶ್ನೆ: ಇದು ಯಾವ ಪ್ರಭೇದ?

ಭಾರತದಲ್ಲಿ ಎಂಟುನೂರಕ್ಕೂ ಹೆಚ್ಚು ಬಗೆಯ ಇರುವೆಗಳಿವೆ. ಆದ್ದರಿಂದ ಹೆಸರಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಮೊದಲನೆಯದು, ಅದು ಇರುವೆಯೇ ಎಂದು ನೋಡಿ. ರೆಕ್ಕೆಯ ಗೆದ್ದಲಿಗೆ ಸಣ್ಣ ಸೊಂಟವಿಲ್ಲ, ಮೀಸೆ ಮಣಿ ಪೋಣಿಸಿದಂತೆ ನೇರ, ನಾಲ್ಕೂ ರೆಕ್ಕೆ ಒಂದೇ ಉದ್ದ. ಇರುವೆಗೆ ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿರುತ್ತದೆ, ಮುಂದಿನ ರೆಕ್ಕೆಗಳು ಹಿಂದಿನವಕ್ಕಿಂತ ದೊಡ್ಡವು.

ಎರಡನೆಯದು, ಅದು ರಾಣಿಯೇ? ದೊಡ್ಡ ಕಪ್ಪು ಇರುವೆಗಳಲ್ಲಿ ದಪ್ಪ ತಲೆಯ ಕೆಲಸಗಾರರೂ ಇರುತ್ತವೆ. ಆದರೆ ಅವುಗಳ ಎದೆ ಕಿರಿದು. ರಾಣಿಯ ಎದೆ ಉಬ್ಬಿರುತ್ತದೆ, ಏಕೆಂದರೆ ಅದರೊಳಗೆ ಹಾರುವ ಸ್ನಾಯುಗಳಿರುತ್ತವೆ. ರೆಕ್ಕೆ ಕಳಚಿದ ಗುರುತು ಎದೆಯ ಎರಡೂ ಬದಿ ಕಾಣುತ್ತದೆ.

ಮೂರನೆಯದು ಸೊಂಟ. ಎದೆಗೂ ಹೊಟ್ಟೆಗೂ ನಡುವೆ ಎಷ್ಟು ಗಂಟುಗಳಿವೆ ಎಂದು ಬದಿಯಿಂದ ಎಣಿಸಿ. ನಮ್ಮ ಗೊದ್ದದ ಕುಲವಾದ ಕ್ಯಾಂಪೊನೋಟಸ್‌ಗೆ ಒಂದು ಗಂಟು. ಕೆಂಪು ಬೆಂಕಿ ಇರುವೆ ಸೊಲೆನಾಪ್ಸಿಸ್‌ಗೆ ಎರಡು. ಒಂದೇ ಗಂಟಿದ್ದು, ಹೊಟ್ಟೆಯ ಮೊದಲ ಭಾಗದ ಹಿಂದೆ ದಾರ ಕಟ್ಟಿ ಬಿಗಿದಂತೆ ಕಂಡರೆ, ಚುಚ್ಚುವ ಬೇಟೆಗಾರ ಇರುವೆಗಳ ಗುಂಪಾದ ಪೊನೆರಿನೆ ಇರಬಹುದು. ಬರಿಗೈಯಲ್ಲಿ ಮುಟ್ಟಬೇಡಿ.

ಇಷ್ಟಕ್ಕೆ ಬಹಳಷ್ಟು ಸಲ ಕುಲದ ಹೆಸರು ಸಿಗುತ್ತದೆ. ಪ್ರಭೇದದ ಹೆಸರು ಇಲ್ಲಿಂದ ಮುಂದೆ ಕಷ್ಟ. ಇರುವೆ ಗುರುತಿಸುವ ಕೋಷ್ಟಕಗಳು ಹೆಚ್ಚಾಗಿ ಕೆಲಸಗಾರ ಇರುವೆಗಳನ್ನು ನೋಡಿ ಮಾಡಿದವು. ಜನರು ಇಟ್ಟ ಹೆಸರುಗಳೂ ಹಾಗೆಯೇ. ನಮ್ಮ ಮನೆಯ ಉರ್ದುವಿನಲ್ಲಿ ಸಣ್ಣದು ಚ್ಯೂಂಟಿ, ದೊಡ್ಡ ಕಪ್ಪನೆಯದು ಚ್ಯೂಂಟಾ. ಮಲೆನಾಡಿನವರು ಚಟ್ನಿ ಮಾಡುವ ಕೆಂಪು ಇರುವೆ ಚಗಳಿ. ಆದರೆ ಚಗಳಿಯ ರಾಣಿ ಕೆಂಪಗಿಲ್ಲ, ಹಸಿರು! 1775ರಲ್ಲಿ ಫ್ಯಾಬ್ರಿಸಿಯಸ್ ಅದಕ್ಕೆ ಕೊಟ್ಟ 'ಸ್ಮರಾಗ್ಡಿನಾ' ಎಂಬ ಹೆಸರಿನ ಅರ್ಥವೇ ಪಚ್ಚೆಯ ಬಣ್ಣದ್ದು. ದಿನವೂ ಚಗಳಿ ನೋಡುವವರೂ ಅದರ ರಾಣಿಯನ್ನು ಬೇರೆ ಹುಳು ಎಂದುಕೊಳ್ಳಬಹುದು. ಇನ್ನು ಡಯಾಕಮ್ಮ ಎಂಬ ಕುಲದಲ್ಲಿ ರಾಣಿಯೇ ಇಲ್ಲ. ಅಲ್ಲಿ ಕೆಲಸಗಾರ ಇರುವೆಯೇ ಮೊಟ್ಟೆ ಇಡುತ್ತದೆ.

ಹೆಸರು ತಪ್ಪಾದರೆ ಏನಾಯಿತು ಎಂದು ಕೇಳಬಹುದು. ಇರುವೆಯ ಪ್ರಾಣ ಹೋಗಬಹುದು. ಕ್ಯಾಂಪೊನೋಟಸ್ ರಾಣಿ ಮೊದಲ ಮರಿಗಳು ದೊಡ್ಡವಾಗುವವರೆಗೆ ಏನೂ ತಿನ್ನಬೇಕಿಲ್ಲ. ಇನ್ನು ಬೇಡವಾದ ಹಾರುವ ಸ್ನಾಯುಗಳು ಕರಗಿ ಅದಕ್ಕೂ ಮರಿಗಳಿಗೂ ಆಹಾರವಾಗುತ್ತವೆ. ಅದಕ್ಕೆ ಬೇಕಾದದ್ದು ಕತ್ತಲೆ, ತೇವ ಮತ್ತು ನೆಮ್ಮದಿ. ದಿನಕ್ಕೆ ಹತ್ತು ಸಲ ಡಬ್ಬಿ ತೆರೆದರೆ ಗಾಬರಿಯಲ್ಲಿ ತನ್ನ ಮೊಟ್ಟೆಗಳನ್ನೇ ತಿಂದುಬಿಡಬಹುದು. ಆದರೆ ಉದ್ದ ದವಡೆ, ದೊಡ್ಡ ಕಣ್ಣಿನ, ಹಾರಿ ಬೇಟೆಯಾಡುವ ಹಾರ್ಪೆಗ್ನಾಥೋಸ್ ರಾಣಿ ತಾನೇ ಹೊರಗೆ ಹೋಗಿ ಹುಳು ಹಿಡಿದು ತರಬೇಕು. ಅದನ್ನು ಗೊದ್ದವೆಂದು ತಿಳಿದು ಮುಚ್ಚಿಟ್ಟರೆ ಹಸಿವಿನಿಂದ ಸಾಯುತ್ತದೆ.

ಹಾಗಾದರೆ ಏನು ಮಾಡಬೇಕು? ಕಾಮರ್ಸ್‌ನವರಿಗೆ ಉತ್ತರ ಗೊತ್ತಿದೆ. ತಾಳೆ ಪಟ್ಟಿಯ ಎರಡು ಬದಿ ಸಮವಾಗದಿದ್ದರೆ ನಾವು ಅಂಕಿ ತಿದ್ದಿ ಹೊಂದಿಸುವುದಿಲ್ಲ. ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ, ಕಾರಣ ಸಿಕ್ಕ ಮೇಲೆ ತೆಗೆಯುತ್ತೇವೆ. ಇರುವೆಗೂ ಅದೇ ಲೆಕ್ಕ. "ಕ್ಯಾಂಪೊನೋಟಸ್, ಪ್ರಭೇದ ಬಾಕಿ" ಎಂದು ಬರೆದಿಡಿ. ಅದು ಸೋಲಲ್ಲ, ಸರಿಯಾದ ನಮೂದು.

ಜೊತೆಗೆ ಹಿಡಿದ ದಿನಾಂಕ, ಹೊತ್ತು, ಜಾಗ, ಮಳೆ ಬಂದಿತ್ತೇ ಎಂಬುದನ್ನೂ ಬರೆಯಿರಿ. ಸ್ಕೇಲ್ ಪಕ್ಕದಲ್ಲಿಟ್ಟು ಮೂರು ಫೋಟೋ ತೆಗೆಯಿರಿ: ಬದಿಯಿಂದ, ಮೇಲಿನಿಂದ, ಮುಖದ ಎದುರಿನಿಂದ. ಗಂಟು ಕಾಣದ ಫೋಟೋ ನೋಡಿ ಯಾರೂ ಖಚಿತವಾಗಿ ಹೇಳಲಾರರು. ಕುಲ ಕ್ಯಾಂಪೊನೋಟಸ್ ಎಂದು ಖಚಿತವಾದರೆ, ಟೆಸ್ಟ್ ಟ್ಯೂಬಿನ ತಳದಲ್ಲಿ ನೀರು ತುಂಬಿ, ಹತ್ತಿಯಿಂದ ತಡೆದು, ಮುಂದಿನ ಜಾಗದಲ್ಲಿ ರಾಣಿಯನ್ನು ಬಿಟ್ಟು, ಬಾಯಿಗೂ ಹತ್ತಿ ಇಟ್ಟು ಕತ್ತಲೆಯಲ್ಲಿಡಿ. ಕೆಲವು ವಾರಗಳಲ್ಲಿ ಮೊದಲ ಕೆಲಸಗಾರ ಇರುವೆಗಳು ಬರುತ್ತವೆ. ಅವು ತೀರ ಸಣ್ಣ. ಗೂಡು ಬೆಳೆದು ದೊಡ್ಡ ಕೆಲಸಗಾರರು ಬಂದಾಗ ಕೋಷ್ಟಕ ತೆರೆದು ಬಾಕಿ ಹೆಸರನ್ನು ತುಂಬಬಹುದು.

ಅಷ್ಟು ದಿನ ಕಾಯಲು ಆಗದವರು ಫೋಟೋ ತೆಗೆದು, ಹಿಡಿದ ಜಾಗದಲ್ಲೇ ಮಣ್ಣಿನ ಮೇಲೆ ಬಿಟ್ಟುಬಿಡಿ. ಅದು ಒಂದು ಇರುವೆ ಮಾತ್ರವಲ್ಲ, ಇನ್ನೂ ಹುಟ್ಟದ ಒಂದು ಇಡೀ ಗೂಡು.