ನಾಟಕದ ಹೆಜ್ಜೆಗೆ ಬಿರುದು ಯಾರಿಗೆ ಸಲ್ಲಬೇಕು?

ಕಳೆದ ಭಾನುವಾರ ಸಾಯಂಕಾಲ ಹೆಬ್ಬಗೋಡಿಯ ಒಂದು ಗುಡಿಯ ಜಗುಲಿಯಲ್ಲಿ ಮಿತ್ರರ ನಡುವೆ ನಡೆದ ವಾಗ್ವಾದವೊಂದಕ್ಕೆ ನಾವು ಸಾಕ್ಷಿಯಾಗಿದ್ದೆವು. ಅತ್ತ ಹೊಸೂರು ರಸ್ತೆಯ ಎತ್ತರದ ಸೇತುವೆಯ ಮೇಲೆ 2025ರ ಆಗಸ್ಟ್ ತಿಂಗಳಿನಿಂದ ಓಡಲಾರಂಭಿಸಿದ ಮೆಟ್ರೋ ರೈಲು ಸಾಗುತ್ತಿದ್ದಿತು. ಇತ್ತ ಊರಿನ ತರುಣರು ಹಾರ್ಮೋನಿಯಂ ಮೇಷ್ಟರ ಮುಂದೆ ಕುಳಿತು ಪೌರಾಣಿಕ ನಾಟಕವೊಂದರ ಅಭ್ಯಾಸ ನಡೆಸುತ್ತಿದ್ದರು. ವಾದದ ವಿಷಯವು ರಾಜಕೀಯವಲ್ಲ, ನಿವೇಶನದ ಬೆಲೆಯೂ ಅಲ್ಲ. ಕನ್ನಡದ ಸಂಗೀತ ನಾಟಕಗಳಲ್ಲಿ ನೃತ್ಯಸಂಯೋಜನೆಗಾಗಿಯೇ ಒಂದು ಬಿರುದನ್ನು ಕೊಡುವುದಾದರೆ ಅದು ಯಾವ ನಾಟಕಕ್ಕೆ ಸಲ್ಲಬೇಕು ಎಂಬುದೇ ಅಲ್ಲಿ ಎದ್ದ ಪ್ರಶ್ನೆ.

ದೇಶದ ಮುಂದೆ ಇಷ್ಟೊಂದು ಗುರುತರ ಸಮಸ್ಯೆಗಳಿರುವಾಗ ಕುಣಿತದ ಚರ್ಚೆಗೆ ಪತ್ರಿಕೆಯ ಅಂಕಣವನ್ನು ವ್ಯಯಮಾಡುವುದುಂಟೇ ಎಂದು ಕೆಲವು ವಾಚಕರು ಕೇಳಬಹುದು. ಉಂಟು ಎಂಬುದೇ ನಮ್ಮ ಉತ್ತರ. ಜನಾಂಗವೊಂದು ಯಾವುದನ್ನು ಗೌರವಿಸುತ್ತದೆಯೋ ಅದನ್ನೇ ಅದರ ಮಕ್ಕಳು ಕಲಿಯುತ್ತಾರೆ. ಯಾವುದಕ್ಕೆ ಹೆಸರನ್ನೇ ಇಡುವುದಿಲ್ಲವೋ ಅದು ಒಂದೆರಡು ತಲೆಮಾರಿನಲ್ಲಿ ಅಳಿದುಹೋಗುತ್ತದೆ.

ನಾಟಕಕ್ಕೂ ನೃತ್ಯಕ್ಕೂ ಇರುವ ಸಂಬಂಧದ ಪ್ರಶ್ನೆ ಹೊಸದೇನೂ ಅಲ್ಲ. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ ಭರತಮುನಿಯು ತನ್ನ ಆಟವನ್ನು ಪರಮೇಶ್ವರನ ಸನ್ನಿಧಿಯಲ್ಲಿ ಆಡಿಸಿದ ಪ್ರಸಂಗವಿದೆ. ಆಟವನ್ನು ಮೆಚ್ಚಿದ ಶಿವನು ಅದರ ಪೂರ್ವರಂಗದಲ್ಲಿ ನೃತ್ತವನ್ನೂ ಸೇರಿಸುವಂತೆ ಹೇಳಿ, ಅದನ್ನು ಕಲಿಸುವ ಕೆಲಸವನ್ನು ತಂಡುವಿಗೆ ವಹಿಸುತ್ತಾನೆ. ಆಗ ಋಷಿಗಳು, ಮಾತಿನ ಅರ್ಥಕ್ಕೆ ಸಂಬಂಧವಿಲ್ಲದ ಈ ಕುಣಿತವೇಕೆ ಎಂದು ಕೇಳಲು, ಅದು ಶೋಭೆಗಾಗಿ ಎಂಬ ಸಮಾಧಾನ ದೊರೆಯುತ್ತದೆ. ನಮ್ಮ ಮಿತ್ರರ ವಾದದ ಬೀಜವೆಲ್ಲವೂ ಈ ಪ್ರಶ್ನೋತ್ತರದಲ್ಲಿಯೇ ಅಡಗಿದೆ. ನಾಟಕದ ನೃತ್ಯವು ಶೋಭೆಗೆ ಮಾತ್ರ ಇರತಕ್ಕದ್ದೋ, ಕಥೆಯ ಭಾರವನ್ನೂ ಹೊರತಕ್ಕದ್ದೋ? ಇದನ್ನು ನಿಶ್ಚಯಿಸಿಕೊಳ್ಳದೆ ಬಿರುದಿನ ಮಾತನ್ನೆತ್ತುವುದು ತಕ್ಕಡಿಯಿಲ್ಲದೆ ಅಂಗಡಿಯಿಟ್ಟಂತೆ.

ಮೊದಲು ಮಾತನಾಡಿದವರು ನಿವೃತ್ತ ಅಧಿಕಾರಿಗಳಾದ ಒಬ್ಬ ರಾಯರು. ಗುಬ್ಬಿ ಕಂಪೆನಿಯ ‘ಕುರುಕ್ಷೇತ್ರ’ಕ್ಕೆ ಸಮನಾದುದು ಕನ್ನಡದಲ್ಲಿಯೇ ಇಲ್ಲವೆಂಬುದು ಅವರ ಪಕ್ಷ. 1884ರಲ್ಲಿ ಹುಟ್ಟಿದ ಆ ಕಂಪೆನಿಯನ್ನು ಊರ್ಜಿತಕ್ಕೆ ತಂದ ಜಿ. ಎಚ್. ವೀರಣ್ಣನವರು 1934ರಲ್ಲಿ ಈ ನಾಟಕವನ್ನು ಆನೆ, ಕುದುರೆ, ರಥಗಳ ಸಮೇತ ಆಡಿಸಿದ ವೈಭವವನ್ನು ರಾಯರು ತಮ್ಮ ತಂದೆಯವರಿಂದ ಕೇಳಿದ್ದರು. ಆದರೆ ಕಣ್ಣಾರೆ ಕಂಡವರಂತೆಯೇ ವರ್ಣಿಸಿದರು. ಅಷ್ಟು ಜನವನ್ನೂ ಪ್ರಾಣಿಗಳನ್ನೂ ರಂಗದಲ್ಲಿ ಮುಗ್ಗರಿಸದಂತೆ ನಡೆಸುವುದು ಸಾಮಾನ್ಯವಾದ ಸಂಯೋಜನೆಯೇ ಎಂದು ಅವರು ಕೇಳಿದುದು ನ್ಯಾಯವಾದ ಪ್ರಶ್ನೆ. ಆದರೆ ದಂಡನ್ನು ನಡೆಸುವುದು ಒಂದು, ದೇಹದಿಂದ ಭಾವವನ್ನು ನುಡಿಸುವುದು ಇನ್ನೊಂದು. ಆನೆಯು ರಂಗಕ್ಕೆ ಬಂದರೆ ಪ್ರೇಕ್ಷಕರು ಬೆರಗಾಗುವುದು ಆನೆಗಾಗಿ, ಅದರ ಹೆಜ್ಜೆಗಾಗಿ ಅಲ್ಲ. ವೀರಣ್ಣನವರ ಸಾಹಸಕ್ಕೆ ನಾವು ತಲೆಬಾಗುತ್ತೇವೆ. ಈ ಬಿರುದು ಮಾತ್ರ ಆ ಸಾಹಸಕ್ಕೆ ಹೊಂದುವುದಲ್ಲ.

ಎರಡನೆಯವರು ಹೈಸ್ಕೂಲಿನ ಕನ್ನಡ ಪಂಡಿತರು. ಅವರು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ಹೆಸರನ್ನು ಹಿಡಿದರು. 1972ರಲ್ಲಿ ಬಿ. ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ಇದನ್ನು ಆಡಿಸಿದ ಬಳಿಕ ಕನ್ನಡ ರಂಗಭೂಮಿಯ ನಡಿಗೆಯೇ ಬೇರೆಯಾಯಿತೆಂಬುದನ್ನು ಬಲ್ಲವರು ಅಲ್ಲಗಳೆಯರು. ಉತ್ತರ ಕರ್ನಾಟಕದಲ್ಲಿ ಭಾದ್ರಪದದ ದಿನಗಳಲ್ಲಿ ಜೋಕುಮಾರನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಹೆಂಗಸರು ಮನೆಮನೆಗೆ ಹಾಡಿಕೊಂಡು ಬರುತ್ತಾರೆ. ಆ ಆಚರಣೆಯೇ ಈ ನಾಟಕದ ತಾಯಿಬೇರು. ಸೂತ್ರಧಾರ, ಹಿಮ್ಮೇಳಗಳೊಡನೆ ಅದು ಬಯಲಾಟದ ಮೈಯನ್ನು ತಾಳಿದೆ. ಪಟ್ಟಣದ ನಟನು ನಾಡಿನ ಹೆಜ್ಜೆಯನ್ನು ಹಾಕಲು ನಾಚಬೇಕಾಗಿಲ್ಲ ಎಂಬುದನ್ನು ತೋರಿಸಿಕೊಟ್ಟ ಕೃತಿಯಿದು. ಪಂಡಿತರ ಮಾತಿಗೆ ನಮ್ಮ ಮನಸ್ಸು ಬಹಳವಾಗಿ ಒಲಿಯಿತು. ಆದರೂ ಅಲ್ಲಿನ ಕುಣಿತದ ಯಶಸ್ಸಿನಲ್ಲಿ ಎಷ್ಟು ಪಾಲು ಆಚರಣೆಯದು, ಎಷ್ಟು ಪಾಲು ಸಂಯೋಜಕನದು ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ.

ಮೂರನೆಯವನು ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪೆನಿಯೊಂದರಲ್ಲಿ ಇಂಜಿನಿಯರಾಗಿರುವ ತರುಣ. ಆತನು ಮೊದಲು ಅಮೆರಿಕದ ದೃಷ್ಟಾಂತವನ್ನು ತಂದನು. ನ್ಯೂಯಾರ್ಕಿನ ರಂಗಭೂಮಿಯ ಟೋನಿ ಬಹುಮಾನಗಳು ಪ್ರಾರಂಭವಾದ 1947ರಲ್ಲಿಯೇ ನೃತ್ಯಸಂಯೋಜನೆಗೆ ಬೇರೆ ಬಹುಮಾನವಿದ್ದಿತು. ಆ ವರ್ಷ ಅದು ‘ಬ್ರಿಗಡೂನ್’ ನಾಟಕದ ಆಗ್ನೆಸ್ ಡಿ ಮಿಲ್ ಮತ್ತು ‘ಫಿನಿಯನ್ಸ್ ರೇನ್‌ಬೋ’ ನಾಟಕದ ಮೈಕೇಲ್ ಕಿಡ್ ಎಂಬಿಬ್ಬರಿಗೆ ಸಂದಿತು. 1958ರಲ್ಲಿ ‘ವೆಸ್ಟ್ ಸೈಡ್ ಸ್ಟೋರಿ’ಗಾಗಿ ಜೆರೋಮ್ ರಾಬಿನ್ಸ್ ಇದನ್ನು ಪಡೆದರು. ಆ ನಾಟಕದಲ್ಲಿ ಬೀದಿಹುಡುಗರ ಎರಡು ಗುಂಪುಗಳ ಹಗೆತನವೇ ನೃತ್ಯವಾಗಿ ಪರಿಣಮಿಸುತ್ತದೆ. ಕುಣಿತವನ್ನು ಕಿತ್ತರೆ ಕಥೆಗೆ ಕಾಲಿಲ್ಲ. ಕನ್ನಡದಲ್ಲಿ ತನ್ನ ಮತವು ‘ಮಲೆಗಳಲ್ಲಿ ಮದುಮಗಳು’ ನಾಟಕಕ್ಕೆ ಎಂದು ತರುಣನು ಸಾರಿದನು. ಕುವೆಂಪುರವರ ಕಾದಂಬರಿಯನ್ನು ಕೆ. ವೈ. ನಾರಾಯಣಸ್ವಾಮಿಯವರು ರಂಗಕ್ಕೆ ಅಳವಡಿಸಲು, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಹಂಸಲೇಖರ ಸಂಗೀತದೊಡನೆ, 2010ರಲ್ಲಿ ಮೈಸೂರಿನ ರಂಗಾಯಣದವರು ಇದನ್ನು ಆಡಿದರು. ಸುಮಾರು ಒಂಬತ್ತು ಗಂಟೆಗಳ, ರಾತ್ರಿಯಿಡೀ ನಡೆಯುವ ಆಟ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ನಟರನ್ನು ಮಾತ್ರವಲ್ಲ, ನೋಡುವವರನ್ನೂ ನಡೆಸುವ ಸಂಯೋಜನೆಯಿದು ಎಂದು ಅವನು ಹೇಳಿದ ಮಾತು ಚಮತ್ಕಾರವಾಗಿದ್ದಿತು. ಆದರೆ ಇಂಥ ಮಹಾಪ್ರಯೋಗದಲ್ಲಿ ನೃತ್ಯವು ಹಲವು ಅಂಗಗಳಲ್ಲಿ ಒಂದು. ಮುಖ್ಯವಾದ ಬಿರುದು ಸಮಗ್ರ ನಿರ್ದೇಶನಕ್ಕೇ ಸಲ್ಲಬೇಕು.

ಇನ್ನು ಎರಡು ಹೆಸರುಗಳನ್ನು ನಾವೇ ಎತ್ತಿ ನಾವೇ ಬದಿಗಿಟ್ಟೆವು. ಬೆಂಗಳೂರಿನ ಪ್ರಭಾತ್ ಕಲಾವಿದರ ‘ಕಿಂದರಿಜೋಗಿ’ಯನ್ನು ನೋಡಿ ನಗದ ಮಕ್ಕಳಿಲ್ಲ. ಇಲಿಗಳ ಹಿಂಡೂ ಮಕ್ಕಳ ಹಿಂಡೂ ಜೋಗಿಯ ನಾದಕ್ಕೆ ಸೋತು ಹಿಂಬಾಲಿಸುವುದೇ ಅಲ್ಲಿನ ಕಥೆಯಾದುದರಿಂದ ಕುಣಿತವೇ ಕಥೆ, ಕಥೆಯೇ ಕುಣಿತ. ಆದರೆ ಅದು ನೃತ್ಯರೂಪಕವೇ ಹೊರತು ಸಂಗೀತ ನಾಟಕವಲ್ಲ. ಆನೆಯನ್ನು ಎತ್ತುಗಳ ಪಂದ್ಯಕ್ಕೆ ಬಿಟ್ಟಂತಾಗುತ್ತದೆ. ಯಕ್ಷಗಾನದ ವಿಷಯವೂ ಹಾಗೆಯೇ. ಚಂಡೆ ಮದ್ದಳೆಗಳ ನುಡಿತಕ್ಕೆ ಬಡಗಿನವರೂ ತೆಂಕಿನವರೂ ತಮ್ಮತಮ್ಮ ತಿಟ್ಟಿನಂತೆ ಹಾಕುವ ಹೆಜ್ಜೆಯು ಒಬ್ಬ ಸಂಯೋಜಕನ ಸೊತ್ತಲ್ಲ, ಪರಂಪರೆಯ ಸೊತ್ತು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ಮಹಾನಟರು ಅದಕ್ಕೆ ತಮ್ಮ ಮುದ್ರೆಯನ್ನೊತ್ತಿದರು. 1979ರಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟ್ಯಶಾಲೆಯಲ್ಲಿ ಕಾರಂತರು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನ್ನು ‘ಬರ್ನಂ ವನ’ವೆಂಬ ಹಿಂದೀ ಆಟವಾಗಿಸಿ ಅದಕ್ಕೆ ಯಕ್ಷಗಾನದ ಚಲನೆಯನ್ನು ತೊಡಿಸಿದುದು ನಮ್ಮ ಕರಾವಳಿಯ ಹೆಜ್ಜೆಯ ಶಕ್ತಿಗೆ ಸಾಕ್ಷಿ. ಭಾಷೆ ಕನ್ನಡವಾಗಿದ್ದರೆ ನಮ್ಮ ತೀರ್ಪು ಇಲ್ಲಿಯೇ ಮುಗಿಯುತ್ತಿತ್ತೇನೋ!

ಹೀಗಿರಲು, ನಮ್ಮ ಮತವನ್ನು ಕೇಳಿದ ಮಿತ್ರರಿಗೆ ನಾವು ಹೇಳಿದುದು ಪು. ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ದ ಹೆಸರನ್ನು, ಕಾರಂತರು ನೀನಾಸಂ ಕಲಾವಿದರಿಂದ ಆಡಿಸಿದ ಅದರ ಪ್ರಯೋಗವನ್ನು. ಇದಕ್ಕೆ ನಮ್ಮ ಕಾರಣವುಂಟು. ಕೃಷ್ಣನು ಗೋಕುಲದಲ್ಲಿರುವವರೆಗೂ ಅಲ್ಲಿನ ಬದುಕೇ ರಾಸ. ಗೋಪಿಯರ ಕುಣಿತವನ್ನು ಬಿಟ್ಟರೆ ಗೋಕುಲವೆಂದರೇನು ಎಂಬುದನ್ನು ತಿಳಿಸಲು ಬೇರೆ ಮಾತಿಲ್ಲ. ಅಕ್ರೂರನು ಕರೆಯಬಂದ ಮೇಲೆ ಕೃಷ್ಣನು ಕೊಳಲನ್ನು ಬಿಟ್ಟು ಮಧುರೆಗೆ ಹೊರಡುತ್ತಾನೆ. ಕುಣಿದ ಕಾಲುಗಳು ನಿಲ್ಲುವುದೇ ಅಲ್ಲಿ ದುಃಖ. ಕುಣಿಸುವುದನ್ನು ಬಲ್ಲವರು ಹಲವರಿದ್ದಾರೆ. ಕುಣಿತವನ್ನು ನಿಲ್ಲಿಸಿ ಅಳಿಸಬಲ್ಲವನೇ ನಿಜವಾದ ಸಂಯೋಜಕ. ಶೋಭೆಯೂ ಅರ್ಥವೂ ಇಲ್ಲಿ ಒಂದಾಗಿವೆ. ತಂಡುವಿಗೂ ಋಷಿಗಳಿಗೂ ಇದರಿಂದ ತೃಪ್ತಿಯಾಗುತ್ತಿದ್ದಿತೆಂದು ನಮ್ಮ ನಂಬಿಕೆ.

ರಾಯರು ಒಪ್ಪಲಿಲ್ಲ, ಪಂಡಿತರು ಅರ್ಧ ಒಪ್ಪಿದರು, ತರುಣನು ನಕ್ಕನು. ಅಷ್ಟರಲ್ಲಿ ಅದುವರೆಗೂ ಮಾತನಾಡದಿದ್ದ ಹಾರ್ಮೋನಿಯಂ ಮೇಷ್ಟರು ತಿದಿಯನ್ನು ನಿಲ್ಲಿಸಿ, “ಸ್ವಾಮೀ, ಬಿರುದು ಯಾರಿಗಾದರೂ ಕೊಡಿ. ನಮ್ಮ ಹುಡುಗರಿಗೆ ಕಾಲು ಎಲ್ಲಿಡಬೇಕು ಅಂತ ಹೇಳಿಕೊಡೋರೇ ಇಲ್ಲ. ಮೈಕು ನೇತುಹಾಕಿದ ಕಡೆ ಹೋಗಿ ನಿಂತುಬಿಡ್ತಾರೆ, ಕಂದ ಹೇಳ್ತಾರೆ, ಒಳಗೆ ಹೋಗ್ತಾರೆ” ಎಂದರು.

ಆ ಮಾತು ನಮ್ಮೆಲ್ಲರ ಬಾಯನ್ನೂ ಕಟ್ಟಿಸಿತು. ಹಳೇ ಮೈಸೂರು ಸೀಮೆಯ ಹಳ್ಳಿಗಳ ನಾಟಕವನ್ನು ಬಲ್ಲವರು ಈ ಸ್ಥಿತಿಯನ್ನು ಬಲ್ಲರು. ದುರ್ಯೋಧನನ ಪಾತ್ರಕ್ಕೆ ಇಂತಿಷ್ಟು, ಕೃಷ್ಣನ ಪಾತ್ರಕ್ಕೆ ಇಂತಿಷ್ಟು ಎಂದು ಕೈಯಿಂದ ಹಣವಿಕ್ಕಿ, ದುಡಿಮೆಯ ದಿನದ ಕೊನೆಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಸೀನು ಸೀನರಿಯನ್ನೂ ಸ್ತ್ರೀಪಾತ್ರದ ಕಲಾವಿದೆಯರನ್ನೂ ಬಾಡಿಗೆಗೆ ಕರೆಸಿ ಜನರು ಆಡುವ ಆಟವಿದು. ಕಂಠಕ್ಕೆ ಶಿಕ್ಷಣವುಂಟು, ಕಾಲಿಗಿಲ್ಲ. ಕರಪತ್ರವನ್ನು ತೆಗೆದು ನೋಡಿ: ಹಾರ್ಮೋನಿಯಂ, ತಬಲ, ವಸ್ತ್ರಾಲಂಕಾರ, ದೀಪ, ಧ್ವನಿವರ್ಧಕ, ದಾನಿಗಳು, ಅತಿಥಿಗಳು ಎಲ್ಲರ ಹೆಸರೂ ಅಚ್ಚಾಗಿರುತ್ತದೆ. ಹೆಜ್ಜೆ ಕಲಿಸಿದವರ ಹೆಸರನ್ನು ದೀಪ ಹಿಡಿದು ಹುಡುಕಬೇಕು.

ನಮ್ಮ ಬಿರುದುಗಳ ವ್ಯವಸ್ಥೆಯಲ್ಲಿಯೂ ಇದೇ ಕೊರತೆಯುಂಟು. ಕರ್ನಾಟಕದಲ್ಲಿ ನಾಟಕಕ್ಕೊಂದು ಅಕಾಡೆಮಿ, ಸಂಗೀತ ನೃತ್ಯಗಳಿಗೊಂದು, ಯಕ್ಷಗಾನಕ್ಕೊಂದು, ಬಯಲಾಟಕ್ಕೊಂದು. ಗದ್ದೆಗೆ ನಾಲ್ಕು ಬದು ಹಾಕಿದಾಗ ನೀರು ಹರಿಯುವ ಕಾಲುವೆಯು ಯಾರ ಪಾಲಿಗೂ ಬಾರದಂತೆ, ನಾಟಕದೊಳಗಿನ ನೃತ್ಯವು ಯಾರದೂ ಅಲ್ಲದೆ ಉಳಿದಿದೆ. ನೃತ್ಯಸಂಯೋಜನೆಯನ್ನು ಒಂದು ಶಾಸ್ತ್ರವಾಗಿ ಸೋವಿಯತ್ ದೇಶದಲ್ಲಿ ಕಲಿತು, 1964ರಲ್ಲಿ ದಿಲ್ಲಿಯಲ್ಲಿ ಅದಕ್ಕೆಂದೇ ಶಾಲೆ ತೆರೆದು, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದ ಮಾಯಾ ರಾವ್ ಅವರು ನಮ್ಮವರೇ. ದಿಲ್ಲಿಯಲ್ಲಿ 2006ರಿಂದ ಮಹೀಂದ್ರ ಸಂಸ್ಥೆಯವರು ಕೊಡುವ ರಂಗ ಬಹುಮಾನಗಳಲ್ಲಿಯೂ ನೃತ್ಯಸಂಯೋಜನೆಗೆ ಪ್ರತ್ಯೇಕ ಸ್ಥಾನವಿದೆ. ವ್ಯಾಪಾರಸ್ಥರಿಗೆ ಹೊಳೆದದ್ದು ನಮ್ಮ ನಾಡಿನ ಅಕಾಡೆಮಿಗಳಿಗೂ ಹೊಳೆಯಲೆಂದು ಹಾರೈಸುವುದು ಅತಿಯಾಸೆಯಲ್ಲ.

ಆದುದರಿಂದ ಅಧಿಕಾರದಲ್ಲಿರುವ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ. ನಾಲ್ಕು ಅಕಾಡೆಮಿಗಳವರೂ ಒಂದೇ ಚಾಪೆಯ ಮೇಲೆ ಕುಳಿತು, ಸಂಗೀತ ನಾಟಕದ ನೃತ್ಯಸಂಯೋಜನೆಗೆ ವರ್ಷಕ್ಕೊಂದು ಬಿರುದನ್ನು ಏರ್ಪಡಿಸಲಿ. ತೀರ್ಪುಗಾರರು ಚಿತ್ರಗಳನ್ನು ನೋಡಿ ನಿರ್ಣಯಿಸದೆ ಆಟ ನಡೆಯುವ ಊರಿಗೇ ಹೋಗಲಿ. ಬಿರುದು ಪಡೆದವರನ್ನು ಶಾಲು ಹೊದಿಸಿ ಕಳುಹಿಸಿಬಿಡದೆ, ಹಳ್ಳಿಯ ನಾಟಕ ಸಂಘಗಳಿಗೆ ಕೆಲವು ವಾರಗಳ ಶಿಕ್ಷಕರಾಗಿ ನೇಮಿಸಲಿ. ಅವರು ಕಟ್ಟಿದ ಹೆಜ್ಜೆಗಳನ್ನು ತಾಳಸಮೇತ ಚಿತ್ರೀಕರಿಸಿ ಕಾಪಾಡಲಿ. ಹೆಬ್ಬಗೋಡಿ, ಬೊಮ್ಮಸಂದ್ರಗಳ ಸುತ್ತಲಿನ ಕಾರ್ಖಾನೆಗಳವರು ಮನಸ್ಸುಮಾಡಿದರೆ ಇದಕ್ಕೆ ಬೇಕಾದ ಹಣವು ದೊಡ್ಡ ಮಾತಲ್ಲ.

ಎಲೆಕ್ಟ್ರಾನಿಕ್ಸ್ ಸಿಟಿಯು 1978ರಲ್ಲಿ ತಲೆಯೆತ್ತಿದಂದಿನಿಂದ ಈ ಸೀಮೆಯ ಹೊಲಗಳು ಹೋದವು, ಕೆರೆಗಳು ಸೊರಗಿದವು, ದೇಶದ ನಾನಾ ಮೂಲೆಗಳ ಜನರು ಬಂದು ನೆಲೆಸಿದರು. ಬಂದವರಿಗೆ ಕನ್ನಡವನ್ನು ಕಲಿಸಬೇಕೆಂದು ನಾವು ಆಗಾಗ್ಗೆ ಬರೆಯುತ್ತೇವೆ. ಭಾಷೆ ತಿಳಿಯದವನಿಗೂ ಮೊದಲು ಅರ್ಥವಾಗುವುದು ತಾಳಕ್ಕೆ ಬಿದ್ದ ಹೆಜ್ಜೆ. ಅಂದು ಸಂಜೆ ಗುಡಿಯ ಮುಂದೆ ನಿಂತು ನೋಡುತ್ತಿದ್ದ ಹೊರನಾಡಿನ ಕೂಲಿಕಾರರು ಮೇಷ್ಟರ ಹಾಡಿಗೆ ತಲೆದೂಗುತ್ತಿದ್ದರು. ಮುಂದಿನ ಜಾತ್ರೆಯ ಹೊತ್ತಿಗೆ ಆ ಹುಡುಗರಿಗೆ ಕಾಲಿಡುವುದನ್ನು ಕಲಿಸುವವರೊಬ್ಬರು ದೊರೆತು, ಅವರ ಹೆಸರು ಕರಪತ್ರದಲ್ಲಿ ಅಚ್ಚಾದರೆ, ನಮ್ಮ ಜಗುಲಿಯ ವಾದವು ವ್ಯರ್ಥವಾಗಲಿಲ್ಲವೆಂದು ನಾವು ತಿಳಿಯುತ್ತೇವೆ.